ಪಂಡಿತರ ಪುಡಿ, ನಮ್ಮ ಹಸುವಿನ ಹಾಲು

ಜಾವಗಲ್ಲಿನ ಆ ಪಂಡಿತರು ನರಳಿ ನರಳಿ ಸಾಯಲಿ ಎಂದು ನಾನು ಎಷ್ಟೋ ವರ್ಷ ಬೇಡಿಕೊಂಡಿದ್ದೇನೆ. ಪರೀಕ್ಷೆ ಹತ್ತಿರ ಬಂದಾಗ ನನ್ನ ವಯಸ್ಸಿನ ಹುಡುಗಿಯರೆಲ್ಲ ದೇವರ ಮುಂದೆ ಕಣ್ಣು ಮುಚ್ಚಿ ಪಾಸು ಮಾಡಪ್ಪ ಎಂದು ಕೇಳುತ್ತಿದ್ದರು. ನಾನು ಅದರ ಜೊತೆಗೆ ಇದನ್ನೂ ಸೇರಿಸುತ್ತಿದ್ದೆ. ಈಗ ಬರೆಯುವಾಗ ನಾಚಿಕೆ ಆಗಬೇಕಿತ್ತು, ಆಗುತ್ತಿಲ್ಲ. ಸೇಡು ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವರು ಒಂದು ಸಲ ನಮ್ಮ ಅವ್ವನ ಬಲಗೈ ನೋಡಿ ಆಮೇಲೆ ಬಾಯಿ ಬಿಡಲಿ.

ನಮ್ಮದು ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಕಡೆಯ ಮನೆ. ಒಂದಿಷ್ಟು ತೆಂಗಿನ ತೋಟ, ರಾಗಿ ಹೊಲ, ಕೊಟ್ಟಿಗೆಯಲ್ಲಿ ಒಂದು ಹಸು. ಮನೆಯಲ್ಲಿ ಇದ್ದದ್ದು ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಮತ್ತೆ ನಾನು. ಯಜಮಾನಿಕೆ ಅಜ್ಜಿಯದು. ಅಪ್ಪ ಹೊರಗೆ ಎಷ್ಟು ಗಂಟಲು ಮಾಡಿದರೂ ಹೊಸಿಲು ದಾಟಿ ಒಳಗೆ ಬಂದರೆ ತಾಯಿಯ ಮಾತಿಗೆ ಎದುರಾಡುತ್ತಿರಲಿಲ್ಲ. ಊರವರು ಅದನ್ನು ತಾಯಿಭಕ್ತಿ ಎಂದು ಹೊಗಳುತ್ತಿದ್ದರು. ನನಗೂ ಆಗ ಹಾಗೇ ಕಾಣುತ್ತಿತ್ತು.

ಅವ್ವನದು ಗಟ್ಟಿ ಕೈ. ಹಿಟ್ಟಿನ ಕೋಲು ಹಿಡಿದು ಮಡಕೆಯನ್ನು ಕಾಲಲ್ಲಿ ಒತ್ತಿಕೊಂಡು ತಿರುವಲು ಕೂತರೆ ಒಂದು ಗಂಟೂ ಉಳಿಯುತ್ತಿರಲಿಲ್ಲ. ಕೂಲಿಯಾಳುಗಳು ಬಂದ ದಿನ ಅಷ್ಟೂ ಜನಕ್ಕೆ ಒಬ್ಬಳೇ ಮುದ್ದೆ ಕಟ್ಟಿ ಸಾಲಾಗಿ ಇಡುತ್ತಿದ್ದಳು. ನಮ್ಮ ಕಡೆ ಹೆಂಗಸಿನ ಯೋಗ್ಯತೆಯನ್ನು ಮುದ್ದೆಯಲ್ಲೇ ಅಳೆಯುವುದು. ಆ ಲೆಕ್ಕದಲ್ಲಿ ಅವ್ವನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇರಲಿಲ್ಲ, ಇದನ್ನು ಅಜ್ಜಿಯೂ ಒಪ್ಪುತ್ತಿದ್ದಳು.

ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಇನ್ನೂ ಮಿಡ್ಲ್ ಸ್ಕೂಲು. ಅವ್ವನಿಗೆ ಬಿಳಿಸೆರಗು ಹೋಗಲು ಶುರುವಾಯಿತು. ಹೆಂಗಸರು ತಮ್ಮತಮ್ಮಲ್ಲೇ ಪಿಸುಗುಟ್ಟಿ ಮುಗಿಸುವ ತೊಂದರೆ ಅದು. ಗಂಡಸು ಡಾಕ್ಟರ ಮುಂದೆ ಹೇಳುವಂಥದ್ದಲ್ಲ. ಅಜ್ಜಿ ಅಪ್ಪನಿಗೆ ಅರ್ಧಂಬರ್ಧ ಹೇಳಿದಳು. ಅಪ್ಪ ಅರಸೀಕೆರೆಗೆ ಹೋಗಿ, ಅಲ್ಲಿಂದ ಬೇಲೂರಿನ ಬಸ್ಸು ಹತ್ತಿ, ಜಾವಗಲ್ಲಿನಲ್ಲಿ ಇಳಿದು, ಹೆಸರುವಾಸಿಯಾಗಿದ್ದ ಆ ಪಂಡಿತರನ್ನು ಕಂಡು, ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಬೂದು ಬಣ್ಣದ ಪುಡಿ ತಂದ. ಅಷ್ಟು ನಯವಾದ ಪುಡಿಯನ್ನು ನಾನು ಆವರೆಗೆ ನೋಡಿರಲಿಲ್ಲ. ಬೆರಳಿಗೆ ತಾಕಿದರೆ ಗೆರೆಗಳ ಒಳಗೆಲ್ಲ ಹೊಕ್ಕು ಕೂರುತ್ತಿತ್ತು, ತೊಳೆದರೂ ಬೇಗ ಬಿಡುತ್ತಿರಲಿಲ್ಲ.

ಅಜ್ಜಿ ಔಷಧಿಯ ವಿಷಯದಲ್ಲಿ ಬಲು ಶಿಸ್ತು. ದಿನಾ ಬೆಳಿಗ್ಗೆ ಅವ್ವ ತಲೆಗೆ ನೀರು ಹಾಕಿಕೊಂಡು, ಹಲ್ಲಿಗೆ ಏನೂ ತಾಗಿಸದೆ, ದೇವರ ಗೂಡಿನ ಮುಂದೆ ಪೂರ್ವಕ್ಕೆ ಮುಖ ಮಾಡಿ ನಿಂತು ಆ ಪುಡಿಯನ್ನು ಬಿಸಿನೀರಲ್ಲಿ ಕದಡಿ ಕುಡಿಯಬೇಕು. ಬರಿ ಹೊಟ್ಟೆಯಲ್ಲಿ ತೆಗೆದುಕೊಂಡರೇ ಔಷಧಿ ಮೈಗೆ ಹಿಡಿಯುವುದು ಎಂದು ಅಜ್ಜಿಯ ಸಿದ್ಧಾಂತ. ಹಿಡಿಯಿತು, ಅದರಲ್ಲಿ ಸುಳ್ಳಿಲ್ಲ. ಆಮೇಲೆ ಪಥ್ಯ: ಬೇಳೆ ಇಲ್ಲ, ಹುರುಳಿ ಇಲ್ಲ, ಅವರೆ ಇಲ್ಲ, ಮೊಟ್ಟೆ ಮೊದಲೇ ಇಲ್ಲ. ಅನ್ನದ ಗಂಜಿ, ಮೆಣಸಿನ ಸಾರು, ಅಷ್ಟೇ.

ಕೆಲವು ತಿಂಗಳಲ್ಲಿ ಅವ್ವನಿಗೆ ಹೊಟ್ಟೆನೋವು ಬಂತು. ಬಂದರೆ ನೆಲದ ಮೇಲೆ ಮಂಡಿಯನ್ನು ಎದೆಗೆ ಅವುಚಿಕೊಂಡು ಉರುಳಾಡುವಂಥ ನೋವು. ಮುಖ ಬಿಳಿಚಿಕೊಂಡಿತು. ಔಷಧಿ ಕೆಲಸ ಮಾಡುವಾಗ ಒಳಗಿನ ಕೆಟ್ಟದ್ದು ಒದ್ದಾಡುತ್ತದೆ ಎಂದಳು ಅಜ್ಜಿ, ಮತ್ತೆ ಪೊಟ್ಟಣ ತರಿಸಿದಳು. ಅಪ್ಪ ಮತ್ತೆ ಜಾವಗಲ್ಲಿಗೆ ಹೋಗಿಬಂದ.

ಒಂದು ಮಧ್ಯಾಹ್ನ ಅವ್ವ ಹಿಟ್ಟು ತಿರುವುತ್ತಿದ್ದಳು. ಕೋಲು ಕೈಯಿಂದ ಜಾರಿತು. ಎತ್ತಿಕೊಂಡಳು, ಮತ್ತೆ ಜಾರಿತು. ಬಲಗೈ ಮುಂದೆ ಚಾಚಿದರೆ ಮಣಿಕಟ್ಟಿನಿಂದ ಆಚೆಗೆ ಅಂಗೈ ಜೋತು ಬೀಳುತ್ತಿತ್ತು, ಮೇಲಕ್ಕೆ ಎತ್ತಲು ಆಗುತ್ತಲೇ ಇರಲಿಲ್ಲ. ಅವ್ವ ಎಡಗೈಯಲ್ಲಿ ಅದನ್ನು ಹಿಡಿದೆತ್ತಿ ನೋಡಿಕೊಂಡಳು, ಬಿಟ್ಟಳು, ಅದು ಬಿತ್ತು. ಒಲೆಯ ಮೇಲಿನ ಹಿಟ್ಟು ತಳ ಹತ್ತಿ ಮನೆಯೆಲ್ಲ ಸೀದ ವಾಸನೆ. ಅಜ್ಜಿ ಬಂದು ಬೈದದ್ದು ಹಿಟ್ಟು ಸೀದದ್ದಕ್ಕೆ.

ಅರಸೀಕೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಅವ್ವನ ತುಟಿ ಎತ್ತಿ ಒಸಡಿನ ಅಂಚಿನಲ್ಲಿ ಕಪ್ಪುನೀಲಿ ಗೆರೆ ನೋಡಿದರು. ಏನಾದರೂ ನಾಟಿ ಔಷಧಿ ತಗೊಳ್ತಿದ್ದೀರಾ ಎಂದು ಕೇಳಿದರು. ಪಕ್ಕದಲ್ಲೇ ನಿಂತಿದ್ದ ಅಜ್ಜಿ ಏನೂ ಇಲ್ಲ ಸ್ವಾಮಿ ಎಂದಳು. ಅವ್ವ ನೆಲ ನೋಡಿದಳು. ಅವರು ಹಾಸನಕ್ಕೆ ಕಳಿಸಿದರು. ಅಲ್ಲಿ ಒಬ್ಬ ಲೇಡಿ ಡಾಕ್ಟರು ನಮ್ಮನ್ನೆಲ್ಲ ಹೊರಗೆ ಹಾಕಿ ಬಾಗಿಲು ಮುಚ್ಚಿ ಕೇಳಿದ ಮೇಲೆ ಅವ್ವ ಬಾಯಿ ಬಿಟ್ಟಳು. ಆ ಪುಡಿಯಲ್ಲಿ ಸೀಸ ಇರಬೇಕು, ಮೈಯೆಲ್ಲ ಸೇರಿಕೊಂಡಿದೆ ಎಂದು ಡಾಕ್ಟರು ಹೇಳಿದರು. ಸೀಸ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಅಲ್ಲೇ, ಹಾಸನದ ಆಸ್ಪತ್ರೆಯ ಕಾರಿಡಾರಿನಲ್ಲಿ.

ಪುಡಿ ನಿಂತಿತು, ಚಿಕಿತ್ಸೆ ಆಯಿತು, ನೋವು ಹೋಯಿತು. ಕೈ ಅರ್ಧ ಮಾತ್ರ ವಾಪಸ್ಸು ಬಂತು. ಪಾತ್ರೆ ತಬ್ಬಿ ಹಿಡಿಯಬಹುದು, ಆದರೆ ಕೋಲು ತಿರುವಲಾಗದು. ಅವತ್ತಿನಿಂದ ನಮ್ಮ ಮನೆಯಲ್ಲಿ ಮುದ್ದೆ ಮಾಡುವುದು ನನ್ನ ಕೆಲಸವಾಯಿತು. ನನ್ನ ಮುದ್ದೆಯಲ್ಲಿ ಗಂಟು ಸಿಕ್ಕಾಗಲೆಲ್ಲ ಅಜ್ಜಿ ತಟ್ಟೆಯ ಅಂಚಿಗೆ ಅದನ್ನು ತೆಗೆದಿಡುತ್ತಿದ್ದಳು. ಅವ್ವ ಆ ಗಂಟನ್ನೇ ನೋಡುತ್ತಾ ಕೂತಿರುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು, ಆ ಉರಿಯನ್ನೆಲ್ಲ ಜಾವಗಲ್ಲಿನ ಕಡೆಗೆ ಕಳಿಸುತ್ತಿದ್ದೆ.

ಅಪ್ಪ ಒಮ್ಮೆ ಜಗಳ ಆಡಿ ಬರುತ್ತೇನೆಂದು ಜಾವಗಲ್ಲಿಗೆ ಹೋದ. ಸಂಜೆ ಬಂದವನು ಕಾಲು ತೊಳೆದು ಜಗಲಿಯಲ್ಲಿ ಕೂತ. ಏನಾಯಿತು ಎಂದು ನಾನು ಕೇಳಿದ್ದಕ್ಕೆ, ಆ ನನ್ಮಗ ಒಪ್ಪಿಕೊಳ್ಳಲಿಲ್ಲ ಎಂದ. ಅಷ್ಟೇ ಮಾತು. ಅಪ್ಪನ ಮುಖ ಕಪ್ಪಿಟ್ಟಿತ್ತು. ಅವಮಾನ ಆಗಿದೆ ಎಂದುಕೊಂಡೆ. ನಾನು ದೊಡ್ಡವಳಾಗಿ ಅವನನ್ನು ನೋಡಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ರಸಾಯನಶಾಸ್ತ್ರವನ್ನು ಪ್ರೀತಿಯಿಂದ ಓದಿದವರನ್ನು ನಾನು ಕಂಡಿದ್ದೇನೆ. ನಾನು ಓದಿದ್ದು ದ್ವೇಷದಿಂದ. ಅರಸೀಕೆರೆಯಲ್ಲಿ ಪಿಯುಸಿ, ಹಾಸನದಲ್ಲಿ ಬಿಎಸ್ಸಿ, ಮೈಸೂರಿನಲ್ಲಿ ಎಂಎಸ್ಸಿ. ಸೀಸದ ಪಾಠ ಬಂದ ದಿನ ಬೇರೆಯವರು ಆಕಳಿಸುತ್ತಿದ್ದರೆ ನಾನು ಮುಂದಿನ ಬೆಂಚಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆ. ಮದುವೆಯ ಮಾತು ಬಂದಾಗ ಇನ್ನೂ ಕೆಲಸ ಮುಗಿದಿಲ್ಲ ಎನ್ನುತ್ತಿದ್ದೆ, ಯಾವ ಕೆಲಸ ಎಂದು ಯಾರೂ ಕೇಳಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಮೈಸೂರಿನ ಒಂದು ಲ್ಯಾಬಿನಲ್ಲಿ ಸಣ್ಣ ಕೆಲಸ ಸಿಕ್ಕಿತು. ಆಗ ಎಲ್ಲರ ಬಾಯಲ್ಲೂ ನ್ಯಾನೋ. ಕೂದಲೆಳೆಯನ್ನು ಸಾವಿರ ಪಾಲು ಸೀಳಿದರೆ ಒಂದು ಪಾಲು ಎಷ್ಟಿರುತ್ತದೋ ಅಷ್ಟು ಸಣ್ಣ ಕಣಗಳು. ಅವನ್ನು ಬಣ್ಣಕ್ಕೆ, ಬಟ್ಟೆಗೆ, ಔಷಧಿಗೆ ಹಾಕುವ ಉತ್ಸಾಹ ಜಗತ್ತಿಗೆಲ್ಲ ಹತ್ತಿತ್ತು. ನಮ್ಮ ಲ್ಯಾಬಿನ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಅವರ ಪ್ರಶ್ನೆ ಬೇರೆಯೇ ಇತ್ತು. ಇಂಥ ಕಣ ಊಟದ ಜೊತೆ ಹೊಟ್ಟೆಗೆ ಹೋದರೆ ಅದರ ಗತಿ ಏನು? ಹೊಟ್ಟೆಯಲ್ಲಿ ಅದು ಹೋದಂತೆಯೇ ಇರುತ್ತದೋ, ಕರಗುತ್ತದೋ, ಊಟದಲ್ಲಿರುವ ಪ್ರೋಟೀನು ಅದನ್ನು ಏನು ಮಾಡುತ್ತದೆ?

ಅದಕ್ಕಾಗಿ ನಾವು ಗಾಜಿನ ಬುಡ್ಡಿಯಲ್ಲಿ ಹೊಟ್ಟೆ ಮಾಡಿಕೊಳ್ಳುತ್ತಿದ್ದೆವು. ಜಠರದ ಆಮ್ಲ, ಪ್ರೋಟೀನನ್ನು ಕಡಿಯುವ ಪೆಪ್ಸಿನ್, ಮೈಬಿಸಿಯಷ್ಟು ಕಾದ ನೀರಿನ ತೊಟ್ಟಿ, ಅದರೊಳಗೆ ಬುಡ್ಡಿಗಳು ಮೆಲ್ಲಗೆ ಅಲ್ಲಾಡುತ್ತಿರುತ್ತವೆ. ಆಮೇಲೆ ಆಮ್ಲವನ್ನು ಮುರಿದು ಪಿತ್ತದ ಲವಣ ಸೇರಿಸಿದರೆ ಅದೇ ಕರುಳು. ವಾಸನೆಯ ಮಟ್ಟಿಗೂ ಅದು ಹೊಟ್ಟೆಯೇ. ಕ್ಯಾಂಟೀನಿನಲ್ಲಿ ನಮ್ಮ ಮೇಜಿಗೆ ಯಾರೂ ಬಂದು ಕೂರುತ್ತಿರಲಿಲ್ಲ. ಅಲ್ಲಾಡುವ ಆ ಬುಡ್ಡಿಗಳನ್ನು ಮೊದಲ ದಿನ ನೋಡಿದಾಗಲೇ ನನಗೆ ಹೊಳೆಯಿತು, ಪಂಡಿತರ ಪುಡಿಯನ್ನು ಇಲ್ಲಿಗೆ ತರಬೇಕು. ಅವನ ಕತೆ ಇಲ್ಲೇ ಮುಗಿಯಬೇಕು.

ರಜೆ ಹಾಕಿ ಊರಿಗೆ ಬಂದು, ಅರಸೀಕೆರೆಯಿಂದ ಬೇಲೂರಿನ ಬಸ್ಸು ಹತ್ತಿದೆ. ಜಾವಗಲ್ ಬಂತು. ಏಳಲು ಆಗಲಿಲ್ಲ. ಇಷ್ಟು ವರ್ಷ ಶಾಪ ಹಾಕಿದ ಮನುಷ್ಯನ ಎದುರು ಹೋಗಿ ಕೈಮುಗಿಯಬೇಕಲ್ಲ ಎಂದು ಸೀಟಿನ ಕಂಬಿ ಹಿಡಿದು ಕೂತೇ ಇದ್ದೆ. ಬಸ್ಸು ಮುಂದಕ್ಕೆ ಹೋಯಿತು, ಹಳೇಬೀಡಿನಲ್ಲಿ ಇಳಿದೆ. ಕೆರೆ ಏರಿಯ ಮೇಲೆ ಖಾರ ಹಚ್ಚಿದ ಸೌತೆಕಾಯಿ ತಿಂದೆ, ಫೋಟೋ ತೆಗೆಸಿಕೊಳ್ಳುತ್ತಿದ್ದ ಶಾಲೆ ಮಕ್ಕಳನ್ನು ನೋಡಿದೆ, ಅವ್ವನ ಜೋತುಬಿದ್ದ ಕೈಯನ್ನು ಬೇಕೆಂದೇ ನೆನಪಿಸಿಕೊಂಡೆ. ಸಿಟ್ಟು ಸಾಕಷ್ಟು ಏರಿದ ಮೇಲೆ ವಾಪಸ್ಸು ಬಸ್ಸು ಹಿಡಿದು ಜಾವಗಲ್ಲಿಗೆ ಬಂದೆ.

ಪಂಡಿತರು ನಾನು ಬೇಡಿಕೊಂಡಂತೆ ನರಳುತ್ತಿರಲಿಲ್ಲ. ದುಂಡಗೆ, ಗಟ್ಟಿಮುಟ್ಟಾಗಿ, ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದರು. ಬಿಳಿಸೆರಗು ಎಂದು ನಾನು ಸುಳ್ಳು ಹೇಳಿದೆ. ನಾಡಿ ಹಿಡಿದರು, ನನ್ನ ನಾಡಿ ಆ ಹೊತ್ತಿಗೆ ಏನೇನು ಹೇಳಿತೋ ಅವರಿಗೆ ತಿಳಿಯಲಿಲ್ಲ. ಒಳಗಿನಿಂದ ಪೊಟ್ಟಣಗಳನ್ನು ತಂದು, ಕೈಗೆ ಕೊಡುವ ಮುಂಚೆ ತಡೆದು ಹೇಳಿದರು:

“ಮನೇಲಿ ಹಾಲು ಐತೇನವ್ವ? ಉಂಡಾದ್ಮೇಲೆ ಗಟ್ಟಿ ಹಾಲಲ್ಲಿ ಕಲಸ್ಕಂಡು ಕುಡೀಬೇಕು. ಹಾಲಿಲ್ದೆ ಇದನ್ನ ಮುಟ್‌ಬ್ಯಾಡ.”

ಆಯಿತು ಎಂದೆ. ಆ ಮಾತಿಗೆ ನಾನು ಬೆಲೆ ಕೊಡಲಿಲ್ಲ. ಎಲ್ಲ ಪಂಡಿತರೂ ಹಾಲು, ತುಪ್ಪ, ಜೇನು ಎನ್ನುತ್ತಾರೆ, ಇವನೂ ಅಂದ ಎಂದುಕೊಂಡು ಪೊಟ್ಟಣವನ್ನು ಎದೆಗವುಚಿಕೊಂಡು ಬಂದೆ.

ಲ್ಯಾಬಿನಲ್ಲಿ ನೋಡಿದರೆ ಅದು ಸೀಸವೇ, ಸುಟ್ಟು ಸುಟ್ಟು ಅರೆದ ಸೀಸದ ಬೂದಿ. ಸರಿಯಾಗಿ ಬೆಂದೂ ಇರಲಿಲ್ಲ. ಅದರಲ್ಲಿ ಒಂದು ಪಾಲು ನಾವು ದುಡ್ಡು ಕೊಟ್ಟು ತರಿಸುತ್ತಿದ್ದ ನ್ಯಾನೋ ಕಣಗಳಷ್ಟೇ ಸಣ್ಣದು. ಗಾಜಿನ ಹೊಟ್ಟೆಯ ಆಮ್ಲಕ್ಕೆ ಹಾಕಿದೆ. ಕಣ ಸಣ್ಣದಾದಷ್ಟೂ ಆಮ್ಲಕ್ಕೆ ಸಿಗುವ ಮೈ ಹೆಚ್ಚು, ಹಾಗಾಗಿ ಬೇಗ ಕರಗುತ್ತದೆ. ಇದು ಸಕ್ಕರೆ ಕರಗಿದ ಹಾಗೆ ಕರಗಿತು. ಕರಗಿದ ಸೀಸವನ್ನು ಅಳೆಯುವ ಯಂತ್ರದ ಮುಳ್ಳು ಏರಿದ್ದನ್ನು ನೋಡಿ ನಾನು ನಕ್ಕುಬಿಟ್ಟೆ. ಪಕ್ಕದವರು ಗಾಬರಿಯಾದರು. ನನ್ನ ಬದುಕಿನಲ್ಲಿ ಅಷ್ಟು ಸಂತೋಷ ನನಗೆ ಯಾವ ಹಬ್ಬದಲ್ಲೂ ಆಗಿರಲಿಲ್ಲ.

ಮೇಡಂ ಹತ್ತಿರ ಓಡಿದೆ. ಇದನ್ನಿಟ್ಟುಕೊಂಡು ದೂರು ಕೊಡುತ್ತೇನೆ ಎಂದು ಅವ್ವನ ಕತೆಯನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಕರುಣೆಯ ಮಾತು ಆಡಲಿಲ್ಲ. ಪುಡಿಯನ್ನು ಯಾವುದರಲ್ಲಿ ಕುಡಿ ಎಂದಿದ್ದರು ಎಂದು ಕೇಳಿದರು. ಹಾಲು ಎಂದೆ.

“ಯಾರ ಹೊಟ್ಟೇಲೂ ಬರೀ ಆಸಿಡ್ ಇರಲ್ಲ ಕಣ್ರೀ. ಅವರು ಹೇಳಿದ ಹಾಗೇ ಹಾಲು ಹಾಕಿ ನೋಡಿ. ಇಲ್ಲದಿದ್ರೆ ಇದು ಪ್ರಯೋಗ ಅಲ್ಲ, ಜಗಳ.”

ಹಲ್ಲು ಕಡಿದುಕೊಂಡು ಹಾಲು ಹಾಕಿದೆ. ಹಾಲು ಆಮ್ಲಕ್ಕೆ ಬಿದ್ದ ಕೂಡಲೇ ಒಡೆಯಿತು, ಮೊಸರಿನ ಗಡ್ಡೆಯಂತೆ ಆಯಿತು. ಬೂದು ಪುಡಿ ಆ ಗಡ್ಡೆಯ ಒಳಗೆ ಸಿಕ್ಕಿಹಾಕಿಕೊಂಡಿತು. ಮೇಲಿನ ತಿಳಿನೀರನ್ನು ಅಳೆದರೆ ಕರಗಿದ ಸೀಸ ಅರ್ಧಕ್ಕಿಂತ ಎಷ್ಟೋ ಕೆಳಗೆ. ನಂಬದೆ ಇನ್ನೊಮ್ಮೆ ಮಾಡಿದೆ. ಬುಡ್ಡಿ ಬದಲಿಸಿದೆ, ಹಾಲು ಬದಲಿಸಿದೆ. ಸುಣ್ಣದ ಅಂಶದ ಕರಾಮತ್ತೇನೋ ಎಂದು ಹಾಲಿನಿಂದ ಬೇರೆ ಮಾಡಿದ ಪ್ರೋಟೀನನ್ನಷ್ಟೇ ಹಾಕಿದೆ. ಆಗಲೂ ಅದೇ ಕತೆ, ಸ್ವಲ್ಪ ಹೆಚ್ಚುಕಮ್ಮಿ. ಕಣದ ಮೈಗೆ ಪ್ರೋಟೀನು ಕಂಬಳಿಯಂತೆ ಸುತ್ತಿಕೊಳ್ಳುತ್ತದೆ, ಆಮ್ಲದ ಕೈಗೆ ಬೇಗ ಸಿಗುವುದಿಲ್ಲ. ಕರುಳಿನ ಬುಡ್ಡಿಗೆ ಹೋದ ಮೇಲೆ ಆ ಕಂಬಳಿಯನ್ನು ಕಿಣ್ವಗಳು ಕಡಿದು ತಿನ್ನುತ್ತವೆ, ಒಂದಿಷ್ಟು ಸೀಸ ಹೊರಗೆ ಬಂದೇ ಬರುತ್ತದೆ. ವಿಷ ವಿಷವೇ. ಆದರೆ ಬರಿ ಹೊಟ್ಟೆಯ ನೀರಿಗೂ ಉಂಡ ಮೇಲಿನ ಹಾಲಿಗೂ ಆ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು.

ಬೇಳೆಕಟ್ಟು ಹಾಕಿ ನೋಡಿದೆ, ಹುರುಳಿಕಟ್ಟು ಹಾಕಿ ನೋಡಿದೆ. ಹಾಲಿನಷ್ಟಲ್ಲದಿದ್ದರೂ ಅವೂ ಒಂದಿಷ್ಟು ತಡೆದವು. ಕೊನೆಗೆ ಅನ್ನದ ಗಂಜಿ, ಮೆಣಸಿನ ಸಾರು. ತಡೆದದ್ದು ತೀರಾ ಕಮ್ಮಿ, ಸೀಸ ಸರಾಗವಾಗಿ ಕರಗಿತು. ಆ ಬುಡ್ಡಿಯನ್ನು ಕೈಯಲ್ಲಿ ಹಿಡಿದು ನಿಂತಾಗ ನನಗೆ ಅಜ್ಜಿಯ ಪಥ್ಯ ಕಣ್ಣ ಮುಂದೆ ಬಂತು. ತಡೆಯಬಹುದಾದದ್ದನ್ನೆಲ್ಲ ಒಂದೊಂದಾಗಿ ಆರಿಸಿ ಅವ್ವನ ತಟ್ಟೆಯಿಂದ ತೆಗೆದಿದ್ದಳು.

ಆದರೂ ನನ್ನ ಸಿಟ್ಟು ಇನ್ನೂ ಪಂಡಿತನನ್ನು ಬಿಟ್ಟಿರಲಿಲ್ಲ. ಅವನು ಅಂದು ಅಪ್ಪನಿಗೆ ಹಾಲಿನ ವಿಷಯ ಹೇಳಿರಲಾರ, ಅವ್ವನಂಥವರ ಕೈಕಾಲು ಹೋದ ಮೇಲೆ ಕಲಿತಿರಬೇಕು ಎಂದು ಲೆಕ್ಕ ಹಾಕಿದೆ. ಮತ್ತೆ ಜಾವಗಲ್ಲಿಗೆ ಹೋದೆ. ಈ ಸಲ ಹಳೇಬೀಡಿಗೆ ಹೋಗಲಿಲ್ಲ. ಚಾಪೆಯ ಮೇಲೆ ಕೂರಲೂ ಇಲ್ಲ. ಕಣಕಟ್ಟೆ ಕಡೆಯವರ ಮಗಳು ನಾನು, ನಿಮ್ಮ ಪುಡಿಯಿಂದ ನಮ್ಮವ್ವನ ಕೈ ಹೋಯಿತು, ಇದರಲ್ಲಿ ಇರುವುದು ಸೀಸ, ಅದು ವಿಷ ಎಂದು ನಿಂತೇ ಹೇಳಿದೆ. ಪಂಡಿತರು ಗಾಬರಿಯಾಗಲಿಲ್ಲ. ಅದು ಸೀಸ ಎಂದು ತನಗೆ ಗೊತ್ತು, ತಮ್ಮಪ್ಪನ ಕಾಲದಿಂದಲೂ ಕೊಡುತ್ತಿದ್ದೇವೆ, ಅದಕ್ಕೇ ಹಾಲು ಎನ್ನುವುದು ಎಂದರು. ಆಮೇಲೆ ನನ್ನನ್ನು ದಿಟ್ಟಿಸಿ ನೋಡಿದರು.

“ನಿಮ್ಮಪ್ಪ ಜಗಳಕ್ಕೆ ಬಂದಿದ್ದ. ಹಾಲಲ್ಲಿ ಕೊಟ್ರೇನ್ಲಾ ಅಂದೆ. ತಲೆ ತಗ್ಗಿಸ್ಕಂಡು ಹೊಂಟೋದ. ಹೋಗಿ ಅವನ್ನೇ ಕೇಳು.”

ಗೊತ್ತಿದ್ದೂ ಕೊಟ್ಟೆಯಲ್ಲ ಎಂದು ನಾನು ಏಕವಚನಕ್ಕೆ ಇಳಿದೆ. ಕಂಬಳಿ ಹೊದಿಸಿ ವಿಷ ಕೊಟ್ಟವನೂ ವಿಷ ಕೊಟ್ಟವನೇ. ನಾನು ದೂರು ಕೊಟ್ಟೆ. ಸಂಬಂಧಪಟ್ಟವರು ಬಂದರು, ಪುಡಿ ಎತ್ತಿಕೊಂಡು ಹೋದರು, ಆ ಮುಂದಿನ ಕೋಣೆಯ ಬಾಗಿಲು ಮುಚ್ಚಿತು. ಅವರಿಂದ ವಾಸಿಯಾದವರು ಎಂದುಕೊಂಡಿದ್ದ ಒಂದಿಬ್ಬರು ಅರಸೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಹಿಡಿಶಾಪ ಹಾಕಿದರು. ಹಾಕಲಿ. ಬೀಗ ಬಿದ್ದ ಆ ಬಾಗಿಲನ್ನು ಬಸ್ಸಿನ ಕಿಟಕಿಯಿಂದ ನೋಡಿ ನನಗೆ ತೃಪ್ತಿಯಾಯಿತು ಎಂದು ಹೇಳಲು ಯಾವ ಸಂಕೋಚವೂ ಇಲ್ಲ. ಆದರೆ ಊಟ ಅರ್ಧದಲ್ಲಿ ನಿಂತ ಹಾಗೆ ಇತ್ತು. ಬಾಕಿ ಅರ್ಧ ನಮ್ಮ ಮನೆಯಲ್ಲೇ ಇತ್ತು.

ನಾನು ಮನೆಗೆ ಹೋದಾಗ ಅವರೆಕಾಯಿಯ ಕಾಲ. ಅವ್ವ ಹಿತ್ತಿಲಲ್ಲಿ ಕೂತು ಎಡಗೈಯಲ್ಲಿ ಕಾಯಿ ಸುಲಿಯುತ್ತಿದ್ದಳು, ಬಲಗೈ ಮೊರವನ್ನು ಒತ್ತಿ ಹಿಡಿದಿತ್ತು. ಅಪ್ಪ ನಡುಮನೆಯಲ್ಲಿ ಪೇಪರು ಓದುತ್ತಿದ್ದ. ಅಜ್ಜಿ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು; ನಾನು ಆಗ ಮೈಸೂರಿನಲ್ಲಿದ್ದೆ, ಪರೀಕ್ಷೆ ಎಂದು ಮಣ್ಣಿಗೂ ಬಂದಿರಲಿಲ್ಲ. ಅವ್ವನ ಪಕ್ಕ ಕೂತು ಒಂದು ಹಿಡಿ ಕಾಯಿ ತೆಗೆದುಕೊಂಡು, ಆ ಪುಡಿಯನ್ನು ನೀರಲ್ಲಿ ಯಾಕೆ ಕುಡಿದೆ ಎಂದು ಕೇಳಿದೆ. ಹಾಲಲ್ಲಿ ಕುಡಿಯಬೇಕಿತ್ತಂತೆ, ಅಪ್ಪ ಹೇಳಲಿಲ್ಲವಾ ಎಂದೆ.

ಹೇಳಿದರು ಎಂದಳು ಅವ್ವ. ತಲೆ ಎತ್ತಲಿಲ್ಲ. ಮೊದಲ ದಿನ ಅಪ್ಪ ಪೊಟ್ಟಣ ತಂದು ಅಡುಗೆಮನೆಯಲ್ಲೇ ನಿಂತು, ಉಂಡ ಮೇಲೆ ಹಾಲಲ್ಲಿ ಎಂದು ಪಂಡಿತರು ಅಂದಂತೆಯೇ ಹೇಳಿದನಂತೆ. ಅಜ್ಜಿ ಕೂಡಲೇ ಆಗದು ಎಂದಳಂತೆ.

ನಮ್ಮ ಮನೆಯ ಕಟ್ಟಳೆ ನನಗೆ ಗೊತ್ತಿದ್ದದ್ದೇ. ಮುಟ್ಟಾದ ಹೆಂಗಸು ಆ ದಿನಗಳಲ್ಲಿ ಮನೆಯ ಹಸುವಿನ ಹಾಲು ಕುಡಿಯುವಂತಿಲ್ಲ. ಕುಡಿದರೆ ಕೆಚ್ಚಲು ಬತ್ತುತ್ತದೆ, ಕರು ಉಳಿಯುವುದಿಲ್ಲ. ನಾನೂ ಅದನ್ನು ಪಾಲಿಸಿದವಳೇ. ಅಜ್ಜಿ ಮಾಡಿದ್ದು ಇಷ್ಟೇ: ಬಿಳಿಸೆರಗಿನವಳು ತಿಂಗಳು ಪೂರ್ತಿ ಮುಟ್ಟಾದ ಹಾಗೇ, ಇವಳಿಗೆ ಹಾಲು ಎಂದೂ ಇಲ್ಲ ಎಂದು ತೀರ್ಮಾನಿಸಿದಳು. ಯಾವ ಕಾಯಿಲೆಗೆ ಹಾಲಲ್ಲಿ ಔಷಧಿಯೋ ಆ ಕಾಯಿಲೆಗೇ ಹಾಲು ನಿಷೇಧ. ತಿಂಗಳು ಪೂರ್ತಿ ಮುಟ್ಟಾದವಳು ದೇವರ ಗೂಡಿನ ಮುಂದೆ ನಿಲ್ಲಬಹುದು, ಒಲೆ ಊದಬಹುದು, ಆಳುಗಳಿಗೆಲ್ಲ ಮುದ್ದೆ ಕಟ್ಟಬಹುದು, ಸಗಣಿ ಬಾಚಬಹುದು. ಅದಕ್ಕೆಲ್ಲ ಕಟ್ಟಳೆ ಅಡ್ಡ ಬರಲಿಲ್ಲ. ಲೋಟ ಹಾಲಿಗೆ ಮಾತ್ರ ಬಂತು. ಕಾಯಿಲೆ ವಾಸಿಯಾದ ಮೇಲೂ ಅದು ಸಡಿಲವಾಗಲಿಲ್ಲ. ಅವ್ವ ಬೆಲ್ಲ ಹಾಕಿದ ಬರಿ ಡಿಕಾಕ್ಷನ್ ಕುಡಿಯುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಅವಳಿಗೆ ಅದೇ ಇಷ್ಟ ಎಂದುಕೊಂಡಿದ್ದೆ.

ಅಪ್ಪ ಏನಂದ ಎಂದು ಕೇಳಿದೆ. ಅವ್ವ ಒಂದು ಹುಳುಕು ಕಾಳನ್ನು ಆಚೆಗೆ ಎಸೆದಳು.

“ಏನೂ ಅನ್ಲಿಲ್ಲ. ನೀರಲ್ಲೇ ಕುಡಿ, ಮನೇಲಿ ರಂಪ ಬ್ಯಾಡ ಅಂದ್ರು.”

ನಾನು ಎದ್ದೆ. ನಡುಮನೆಗೆ ಹೋಗಿ ಅಪ್ಪನ ಕೈಯ ಪೇಪರು ಕಿತ್ತು, ಇಷ್ಟು ವರ್ಷ ಪಂಡಿತನನ್ನು ಮುಂದಿಟ್ಟು ನೀನು ಅವನ ಹಿಂದೆ ಅವಿತುಕೊಂಡಿದ್ದೆಯಲ್ಲ ಎಂದು ಊರಿಗೆಲ್ಲ ಕೇಳುವಂತೆ ಕೂಗಬೇಕು ಎಂದಿತ್ತು. ಜಗಲಿಯಲ್ಲಿ ಕಪ್ಪಿಟ್ಟ ಮುಖದಲ್ಲಿ ಕೂತು ‘ಆ ನನ್ಮಗ’ ಎಂದವನ ಮೇಲೆ ಆ ಗಳಿಗೆಯಲ್ಲಿ ನನಗಿದ್ದ ಅಸಹ್ಯ ಪಂಡಿತನ ಮೇಲೂ ಎಂದೂ ಇರಲಿಲ್ಲ. ಅವ್ವ ನನ್ನ ಸೆರಗು ಹಿಡಿದು ಕೂರಿಸಿದಳು. ಎಡಗೈಯಲ್ಲಿ ಆ ಬಲ ಇನ್ನೂ ಇತ್ತು.

ನಿನಗೆ ಸಿಟ್ಟೇ ಬರುವುದಿಲ್ಲವಾ, ನಿನ್ನ ಕೈ ತಿಂದವರು ಇವರು, ಒಬ್ಬಳಂತೂ ಸುಖವಾಗಿ ಸತ್ತಳು ಎಂದೆ. ಅವ್ವ ಇನ್ನೊಂದು ಹಿಡಿ ಕಾಯಿಯನ್ನು ಮುಂದಕ್ಕೆ ಎಳೆದುಕೊಂಡಳು. ಆಮೇಲೆ, ದಾರಿಯಲ್ಲಿ ಯಾರೋ ಸಿಕ್ಕಿದ್ದರು ಎನ್ನುವ ಹಾಗೆ, ಮೆಲ್ಲಗೆ ಹೇಳತೊಡಗಿದಳು.

ಕೈ ಹೋದ ವರ್ಷವೇ ಅಜ್ಜಿಗೆ ಸೊಂಟ ಹಿಡಿದು, ಹಾಲು ಕರೆಯುವ ಕೆಲಸ ಅವ್ವನಿಗೆ ಬಂತು. ಅದು ನನಗೂ ನೆನಪಿತ್ತು. ಒಂಟಿ ಕೈಯಲ್ಲಿ ಕರೆಯಲು ಬಹಳ ಹೊತ್ತು ಹಿಡಿಯುತ್ತಿತ್ತು, ಅಜ್ಜಿ ಒಳಗಿನಿಂದಲೇ ಗೊಣಗುತ್ತಿದ್ದಳು. ಕರೆಯಲು ಅಷ್ಟು ಹೊತ್ತು ಬೇಕಿರಲಿಲ್ಲ ಎಂದಳು ಅವ್ವ. ದಿನಾ ಮೊದಲ ಲೋಟ ನೊರೆಹಾಲನ್ನು ಕೊಟ್ಟಿಗೆಯಲ್ಲೇ ನಿಂತು ತಾನು ಕುಡಿದು, ಬಾಯಿ ಒರೆಸಿಕೊಂಡು, ಮಿಕ್ಕಿದ್ದನ್ನು ಒಳಗೆ ತರುತ್ತಿದ್ದಳಂತೆ. ಮುಟ್ಟಿನ ದಿನಗಳಲ್ಲಂತೂ ಕೊಟ್ಟಿಗೆಗೆ ಬರುವಂತಿರಲಿಲ್ಲ. ಅಪ್ಪ ಹಾಲು ಕರೆದು ತಂದು ನಡುಮನೆಯಲ್ಲಿಟ್ಟ ಚೊಂಬಿನಿಂದ, ಯಾರೂ ಇಲ್ಲದಾಗ ಬಗ್ಗಿಸಿಕೊಂಡು, ಬೇಕೆಂದೇ ಕುಡಿದಳಂತೆ. ಅಜ್ಜಿ ಸಾಯುವವರೆಗೂ, ಒಂದು ದಿನವೂ ಬಿಡದೆ. ಹಸು ಬತ್ತಲಿಲ್ಲ. ಮೂರು ಕರು ಹಾಕಿತು, ಮೂರೂ ಉಳಿದವು. ನೋಡು, ಕಟ್ಟಳೆ ಬಿಗಿಯಾಗಿರುವುದಕ್ಕೇ ಈ ಮನೆಯ ಹಸು ಹೀಗೆ ಕೊಡುತ್ತದೆ ಎಂದು ಅಜ್ಜಿ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು.

ಕೊನೆಕೊನೆಗೆ ಅಜ್ಜಿ ಹಾಸಿಗೆ ಹಿಡಿದಾಗ ಬೇರೇನೂ ಇಳಿಯುತ್ತಿರಲಿಲ್ಲ. ಅವ್ವನೇ ಪಕ್ಕದಲ್ಲಿ ಕೂತು ಚಮಚದಲ್ಲಿ ಹಾಲು ಬಿಡುತ್ತಿದ್ದಳು. ನೆಲ ಬಿಟ್ಟು ಏಳದ ಅತ್ತೆಯನ್ನು ಅಷ್ಟು ಚೆನ್ನಾಗಿ ನೋಡಿಕೊಂಡ ಸೊಸೆ ಎಂದು ನೆಂಟರೆಲ್ಲ ಇವತ್ತಿಗೂ ಅವ್ವನನ್ನು ಹೊಗಳುತ್ತಾರೆ.

“ಒಂದಿನ ಯಾರೂ ಇರ್ಲಿಲ್ಲ. ಹಾಲು ಬಾಯಿಗೆ ಬಿಟ್ಟು ಹೇಳ್ದೆ. ಅತ್ತೆ, ಇಷ್ಟು ವರ್ಷ ಇದನ್ನ ಮೊದ್ಲು ಎಂಜಲು ಮಾಡಿ ಆಮೇಲೆ ನಿಮಗೆ ಕೊಟ್ಟಿವ್ನಿ, ಮುಟ್ಟಾದಾಗ್ಲೂ ಕುಡ್ದಿವ್ನಿ ಅಂದೆ.”

ನನ್ನ ಕೈಯ ಕಾಯಿ ಕೈಯಲ್ಲೇ ಉಳಿಯಿತು. ಅಜ್ಜಿ ಏನು ಮಾಡಿದಳು ಎಂದು ಕೇಳಿದೆ.

“ಬಾಯಾಗಿದ್ದಿದ್ದನ್ನ ನುಂಗ್ಲಿಲ್ಲ. ಉಗಿಯಾಕೂ ಶಕ್ತಿ ಇರ್ಲಿಲ್ಲ. ಹಂಗೇ ನನ್ನೇ ನೋಡ್ತಿದ್ರು.”

ಗಾಜಿನ ಬುಡ್ಡಿಗಳು, ದೂರು, ಬೀಗ ಹಾಕಿಸಿದ ಬಾಗಿಲು, ಎಲ್ಲವೂ ನನಗೆ ಮಕ್ಕಳಾಟದಂತೆ ಕಂಡವು. ಅಪ್ಪನಿಗೆ ಇದು ಗೊತ್ತಾ ಎಂದು ಪಿಸುಮಾತಿನಲ್ಲಿ ಕೇಳಿದೆ. ಒಳಗಿನಿಂದ ಅದೇ ಹೊತ್ತಿಗೆ ಅಪ್ಪ ಕಾಫಿ ಆಯಿತಾ ಎಂದು ಕೂಗಿದ. ಅವ್ವ ಮೊರವನ್ನು ಪಕ್ಕಕ್ಕಿಟ್ಟು, ಎಡಗೈ ನೆಲಕ್ಕೂರಿ ಎದ್ದಳು, ಸೆರಗಿನ ಸಿಪ್ಪೆ ಕೊಡವಿಕೊಂಡಳು.

“ಅವ್ರಿಗೆ ಇನ್ನೂ ಹೇಳಿಲ್ಲ ಕಣೇ. ಅವ್ರೂ ಹಾಸಿಗೆ ಹಿಡೀಲಿ” ಎಂದು ಹಾಲು ಕಾಯಿಸಲು ಒಳಗೆ ಹೋದಳು.